ಟಗ್ ಕಣಿವೆಯ ಹಗೆ: ಕಥೆ ಕಟ್ಟಿದವರು, ಕೈಬಿಟ್ಟ ಸಂಗತಿಗಳು

ಅಮೆರಿಕದಲ್ಲಿ ಮನೆತನಗಳ ಹಗೆ ಎಂದೊಡನೆ ಜನ ಎತ್ತುವ ಹೆಸರು ಹ್ಯಾಟ್‌ಫೀಲ್ಡ್ ಮತ್ತು ಮೆಕಾಯ್. ಕೆಂಟಕಿ ಮತ್ತು ವೆಸ್ಟ್ ವರ್ಜೀನಿಯಾ ರಾಜ್ಯಗಳ ಗಡಿಯಾಗಿ ಹರಿಯುವ ಟಗ್ ಫೋರ್ಕ್ ನದಿಯ ಎರಡು ದಡಗಳಲ್ಲಿ, ಅಪಲೇಚಿಯನ್ ಬೆಟ್ಟಗಳ ನಡುವೆ, 19ನೇ ಶತಮಾನದ ಕೊನೆಯ ದಶಕಗಳಲ್ಲಿ ನಡೆದ ಈ ಹಗೆಯಲ್ಲಿ ಸತ್ತವರು ಸುಮಾರು ಹನ್ನೆರಡು ಮಂದಿ. 1887ರ ನವೆಂಬರಿನಲ್ಲಿ ಲೂಸಿಯಾನಾ ರಾಜ್ಯದ ಥಿಬೊಡೊ ಪಟ್ಟಣದಲ್ಲಿ, ಕಬ್ಬಿನ ತೋಟಗಳ ಮುಷ್ಕರವನ್ನು ಮುರಿಯಲು ಹೊರಟವರ ಗುಂಡಿಗೆ ಕೆಲವೇ ಗಂಟೆಗಳಲ್ಲಿ ಇದರ ಎರಡು ಮೂರು ಪಟ್ಟು ಕಪ್ಪು ಕೂಲಿಗಳು ಬಲಿಯಾದರು. ಥಿಬೊಡೊ ಹೆಸರು ಇಂದು ಇತಿಹಾಸ ಓದಿದವರಲ್ಲೂ ಕೆಲವರಿಗಷ್ಟೇ ಗೊತ್ತು. ಹ್ಯಾಟ್‌ಫೀಲ್ಡ್–ಮೆಕಾಯ್ ಹೆಸರು ಮಾತ್ರ ಸಿನಿಮಾ, ಕಾದಂಬರಿ, ಟಿವಿ ಧಾರಾವಾಹಿಗಳಲ್ಲಿ ನೂರ ಮೂವತ್ತು ವರ್ಷಗಳಿಂದ ಬಾಳುತ್ತಿದೆ. ಯಾವ ಹಿಂಸೆ ಕಥೆಯಾಗಿ ಉಳಿಯಿತು, ಯಾವುದು ಉಳಿಯಲಿಲ್ಲ, ಉಳಿದದ್ದು ಯಾರ ಬಾಯಲ್ಲಿ ಯಾವ ರೂಪ ಪಡೆಯಿತು ಎಂಬುದೇ ಈ ಹಗೆಯ ಇತಿಹಾಸದ ಅರ್ಧ ಭಾಗ.

ದಾಖಲೆಗಳಿಂದ ತಿಳಿಯುವ ಘಟನೆಗಳ ಸರಣಿ ಚಿಕ್ಕದು. ವೆಸ್ಟ್ ವರ್ಜೀನಿಯಾದ ಲೋಗನ್ ಕೌಂಟಿಯಲ್ಲಿ ವಿಲಿಯಂ ಆಂಡರ್ಸನ್ ಹ್ಯಾಟ್‌ಫೀಲ್ಡ್ ಇದ್ದ. ಜನ ಅವನನ್ನು ಕರೆಯುತ್ತಿದ್ದುದು ಡೆವಿಲ್ ಆನ್ಸ್ ಎಂದು. ಹೊಳೆಯಾಚೆ ಕೆಂಟಕಿಯ ಪೈಕ್ ಕೌಂಟಿಯಲ್ಲಿ ರಾಂಡಾಲ್ಫ್ ಮೆಕಾಯ್ ಇದ್ದ. 1878ರಲ್ಲಿ ಒಂದು ಹಂದಿಯ ವಿಚಾರವಾಗಿ ಇವರ ಕಡೆಯವರ ನಡುವೆ ವ್ಯಾಜ್ಯ ನಡೆಯಿತು. 1880ರಲ್ಲಿ ಆ ವ್ಯಾಜ್ಯದ ಸಾಕ್ಷಿದಾರನೊಬ್ಬ ಕೊಲೆಯಾದ. 1882ರ ಆಗಸ್ಟ್ 7ರಂದು, ಚುನಾವಣೆಯ ದಿನ, ರಾಂಡಾಲ್ಫನ ಮೂವರು ಮಕ್ಕಳು ಆನ್ಸ್‌ನ ತಮ್ಮ ಎಲಿಸನ್‌ನನ್ನು ಇರಿದು ಗುಂಡು ಹೊಡೆದರು. ಎರಡು ದಿನಕ್ಕೆ ಅವನು ಸತ್ತ. ಆ ಮೂವರನ್ನು ಪೊಲೀಸರ ಕೈಯಿಂದ ಕಿತ್ತುಕೊಂಡು ಕಾದಿದ್ದ ಹ್ಯಾಟ್‌ಫೀಲ್ಡ್ ಕಡೆಯವರು ಅವರನ್ನು ಗಿಡಗಳಿಗೆ ಕಟ್ಟಿ ಗುಂಡಿಟ್ಟು ಕೊಂದರು. 1888ರ ಜನವರಿ 1ರ ರಾತ್ರಿ ಅವರೇ ರಾಂಡಾಲ್ಫನ ಮನೆಗೆ ಬೆಂಕಿಯಿಟ್ಟು ಮಗಳು ಅಲಿಫೇರ್, ಮಗ ಕ್ಯಾಲ್ವಿನ್ ಇಬ್ಬರನ್ನೂ ಕೊಂದು, ತಾಯಿಯನ್ನು ಸಾಯುವಂತೆ ಬಡಿದು ಹೋದರು. ಅದೇ ತಿಂಗಳು ಕೆಂಟಕಿಯ ಸಶಸ್ತ್ರ ಪಡೆಯೊಂದು ಹೊಳೆ ದಾಟಿ ಬಂದು ಹಲವರನ್ನು ಹಿಡಿದೊಯ್ದಿತು. 1890ರ ಫೆಬ್ರವರಿ 18ರಂದು ಪೈಕ್‌ವಿಲ್‌ನಲ್ಲಿ ಒಬ್ಬನನ್ನು ಗಲ್ಲಿಗೇರಿಸಿದ ಮೇಲೆ ಪ್ರಕರಣ ತಣ್ಣಗಾಯಿತು.

ಈ ಸರಣಿಯನ್ನು ಎಲ್ಲಿಂದ ಶುರು ಮಾಡಬೇಕು ಎಂಬಲ್ಲೇ ಪಕ್ಷಪಾತ ಒಳನುಗ್ಗುತ್ತದೆ. ಹಂದಿಯಿಂದ ಶುರು ಮಾಡಿದರೆ ಎರಡೂ ಕಡೆಯವರು ದಡ್ಡರು, ಕ್ಷುಲ್ಲಕ ಕಾರಣಕ್ಕೆ ಪ್ರಾಣ ತೆಗೆಯುವವರು. ಅಂತರ್ಯುದ್ಧದ ಕಾಲದಲ್ಲಿ ನಡೆದ ಮೆಕಾಯ್ ಒಬ್ಬನ ಕೊಲೆಯಿಂದ ಶುರು ಮಾಡಿದರೆ ತಪ್ಪೆಲ್ಲ ಹ್ಯಾಟ್‌ಫೀಲ್ಡರದು. ಚುನಾವಣೆಯ ದಿನದ ಇರಿತದಿಂದ ಶುರು ಮಾಡಿದರೆ ಮೆಕಾಯ್ ಹುಡುಗರದು. ಪತ್ರಿಕೆಗಳು ಬಹಳ ಮಟ್ಟಿಗೆ ಹಂದಿಯನ್ನೇ ಆರಿಸಿಕೊಂಡವು, ಏಕೆಂದರೆ ನಗರದ ಓದುಗನಿಗೆ ನಗು ತರಿಸುವುದು ಅದೇ.

ಹಂದಿಯ ವ್ಯಾಜ್ಯ ನಿಜವಾಗಿ ಹೇಳುವುದು ಬೇರೆಯದನ್ನೇ. ಆ ಬೆಟ್ಟಗಳಲ್ಲಿ ಹಂದಿಗಳನ್ನು ಕಾಡಿಗೆ ಬಿಟ್ಟು ಮೇಯಿಸುತ್ತಿದ್ದರು. ಯಾರ ಹಂದಿ ಎಂದು ತಿಳಿಯಲು ಕಿವಿಯಲ್ಲಿ ಕತ್ತರಿಸಿದ ಗುರುತೊಂದೇ ಆಧಾರ. ಚಳಿಗಾಲವಿಡೀ ಒಂದು ಮನೆ ಉಪ್ಪುಹಾಕಿದ ಹಂದಿ ಮಾಂಸದ ಮೇಲೇ ಬದುಕಬೇಕಾಗಿದ್ದಾಗ ಒಂದು ಹಂದಿ ಎಂದರೆ ಸಣ್ಣ ಮಾತಲ್ಲ. ಆನ್ಸ್‌ನ ದಾಯಾದಿ ಫ್ಲಾಯ್ಡ್ ಹ್ಯಾಟ್‌ಫೀಲ್ಡ್ ತನ್ನ ಹಂದಿಯನ್ನು ಕದ್ದಿದ್ದಾನೆಂದು ರಾಂಡಾಲ್ಫ್ ದೂರು ಕೊಟ್ಟ. ಬಂದೂಕು ಹಿಡಿದು ಹೋಗಲಿಲ್ಲ, ನ್ಯಾಯಾಲಯಕ್ಕೆ ಹೋದ. ಹೊಳೆಯ ಕೆಂಟಕಿ ದಡದಲ್ಲಿದ್ದ ಸ್ಥಳೀಯ ನ್ಯಾಯಾಧೀಶ ಹ್ಯಾಟ್‌ಫೀಲ್ಡ್ ಮನೆತನದವನೇ ಆಗಿದ್ದರಿಂದ, ಅನುಮಾನ ಬಾರದಿರಲೆಂದು ಆರು ಹ್ಯಾಟ್‌ಫೀಲ್ಡರನ್ನೂ ಆರು ಮೆಕಾಯ್‌ಗಳನ್ನೂ ಪಂಚರಾಗಿ ಕೂರಿಸಿದ. ಎರಡೂ ಕಡೆಗೆ ನೆಂಟನಾಗಿದ್ದ ಬಿಲ್ ಸ್ಟೇಟನ್ ಫ್ಲಾಯ್ಡ್‌ನ ಪರ ಸಾಕ್ಷಿ ನುಡಿದ. ಸೆಲ್ಕರ್ಕ್ ಮೆಕಾಯ್ ಎಂಬ ಪಂಚ ಹ್ಯಾಟ್‌ಫೀಲ್ಡರ ಕಡೆ ಮತ ಹಾಕಿದ. ರಾಂಡಾಲ್ಫ್ ಸೋತ, ಗೊಣಗಿಕೊಂಡು ಮನೆಗೆ ಹೋದ. ಅಂದು ಯಾರೂ ಸಾಯಲಿಲ್ಲ. ಸ್ಟೇಟನ್ ಮೆಕಾಯ್ ಹುಡುಗರ ಕೈಯಲ್ಲಿ ಕೊಲೆಯಾದದ್ದು ಎರಡು ವರ್ಷ ಕಳೆದ ಮೇಲೆ. ಆ ಮೊಕದ್ದಮೆಯನ್ನು ನಡೆಸಿದ್ದು ಹ್ಯಾಟ್‌ಫೀಲ್ಡರ ಹಿಡಿತವಿದ್ದ ವೆಸ್ಟ್ ವರ್ಜೀನಿಯಾದ ನ್ಯಾಯಾಲಯ. ಆತ್ಮರಕ್ಷಣೆಗಾಗಿ ನಡೆದ ಕೊಲೆ ಎಂದು ಅದು ಮೆಕಾಯ್ ಹುಡುಗರನ್ನು ಬಿಡುಗಡೆ ಮಾಡಿತು. ಕಾನೂನೇ ಗೊತ್ತಿಲ್ಲದ ಕಾಡುಜನರ ಕಥೆಗೆ ಪೀಠಿಕೆಯಾಗಿ ಬಳಕೆಯಾದ ಪ್ರಸಂಗ, ಸರಿಯಾಗಿ ಓದಿದರೆ, ಕಾನೂನು ಬಹಳ ಮಟ್ಟಿಗೆ ನಡೆಯುತ್ತಿದ್ದ ಸಮಾಜದ್ದು.

ಅಂತರ್ಯುದ್ಧದ ವಿವರಣೆ ಇದಕ್ಕಿಂತ ಗಂಭೀರವಾಗಿ ಕಾಣುತ್ತದೆ, ಆದರೆ ಅಷ್ಟೇ ಸಡಿಲ. ಹ್ಯಾಟ್‌ಫೀಲ್ಡರು ದಕ್ಷಿಣದ ಒಕ್ಕೂಟದ ಪರ, ಮೆಕಾಯ್‌ಗಳು ಉತ್ತರದ ಪರ ಎಂದು ಎಷ್ಟೋ ಪುಸ್ತಕಗಳು ಬರೆದಿವೆ. ಉತ್ತರದ ಸೈನ್ಯ ಸೇರಿದ್ದವನು ರಾಂಡಾಲ್ಫನ ತಮ್ಮ ಏಸಾ ಹಾರ್ಮನ್ ಮೆಕಾಯ್. ಅವನು ಗಾಯಗೊಂಡು ಊರಿಗೆ ಮರಳಿ ಗುಹೆಯೊಂದರಲ್ಲಿ ಅಡಗಿದ್ದಾಗ, 1865ರ ಜನವರಿಯಲ್ಲಿ, ದಕ್ಷಿಣದ ಪರವಿದ್ದ ಸ್ಥಳೀಯ ತಂಡವೊಂದು ಅವನನ್ನು ಕೊಂದಿತು. ಆದರೆ ಕಣಿವೆಯ ಬಹುಪಾಲು ಮೆಕಾಯ್‌ಗಳಂತೆ ರಾಂಡಾಲ್ಫ್ ಕೂಡ ದಕ್ಷಿಣದ ಪಕ್ಷದವನೇ. ಉತ್ತರದ ಸೇನೆ ಸೇರಿದ ತಮ್ಮನ ಸಾವಿಗೆ ಅವನ ಮನೆಯವರೇ ಸೇಡು ತೀರಿಸಲು ಹೋಗಲಿಲ್ಲ, ಮೊಕದ್ದಮೆಯನ್ನೂ ಹೂಡಲಿಲ್ಲ. ಮುಂದೆ ಹದಿಮೂರು ವರ್ಷ ಎರಡು ಮನೆತನಗಳ ನಡುವೆ ಹೇಳಿಕೊಳ್ಳುವಂಥ ಜಗಳ ನಡೆದ ದಾಖಲೆಯಿಲ್ಲ. ಈ ಕೊಲೆಯ ಪರಂಪರೆಯ ಕಥೆಯಲ್ಲಿ ಇನ್ನೊಂದು ಪಾತ್ರವಿದೆ. ಗುಹೆಗೆ ಊಟ ಒಯ್ಯುತ್ತಿದ್ದ ಗುಲಾಮನ ಹೆಜ್ಜೆ ಹಿಮದಲ್ಲಿ ಮೂಡಿ ಕೊಲೆಗಾರರಿಗೆ ದಾರಿ ತೋರಿತಂತೆ. ಬೆಟ್ಟದಲ್ಲಿ ಗುಲಾಮಗಿರಿಯೂ ಇತ್ತು ಎಂಬ ದೊಡ್ಡ ಸಂಗತಿ ಈ ಕಥೆಯೊಳಗೆ ಬರುವುದು ಹೆಜ್ಜೆಗುರುತಾಗಿ ಮಾತ್ರ. ಆ ಮನುಷ್ಯನ ಮುಂದಿನ ಗತಿ ಏನಾಯಿತೆಂದು ಕಥೆ ಹೇಳಿದವರು ಕೇಳಿಕೊಂಡಂತೆ ಕಾಣುವುದಿಲ್ಲ.

ಮೂರನೆಯ ಆರಂಭ ಪ್ರೇಮದ್ದು. 1880ರಲ್ಲಿ ರಾಂಡಾಲ್ಫನ ಮಗಳು ರೋಸಾನ ಆನ್ಸ್‌ನ ಮಗ ಜಾನ್ಸಿಯ ಜೊತೆ ಹೋದಳು. 1949ರ ಹಾಲಿವುಡ್ ಚಿತ್ರಕ್ಕೆ ಅವಳ ಹೆಸರನ್ನೇ ಇಟ್ಟರು. ರೋಮಿಯೋ–ಜೂಲಿಯೆಟ್ ಅಚ್ಚಿಗೆ ಹೊಂದುವಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುವುದು ಈ ಬಗೆಯ ನಿರೂಪಣೆಯ ಅಭ್ಯಾಸ. ಬಿಟ್ಟದ್ದು ಏನೆಂದರೆ, ಜಾನ್ಸಿ ಅವಳನ್ನು ಮದುವೆಯಾಗಲಿಲ್ಲ. 1881ರಲ್ಲಿ ಮದುವೆಯಾದದ್ದು ನ್ಯಾನ್ಸಿ ಮೆಕಾಯ್‌ಳನ್ನು, ಅಂದರೆ ಯುದ್ಧಕಾಲದಲ್ಲಿ ಕೊಲೆಯಾದ ಏಸಾ ಹಾರ್ಮನ್‌ನ ಮಗಳನ್ನು. ಅವಳು ಆಮೇಲೆ ಗಂಡನನ್ನು ಬಿಟ್ಟು, ಹ್ಯಾಟ್‌ಫೀಲ್ಡರನ್ನು ಬೇಟೆಯಾಡಿದ ಕೆಂಟಕಿಯ ಪಡೆಯ ನಾಯಕ ಫ್ರಾಂಕ್ ಫಿಲಿಪ್ಸ್‌ನನ್ನು ಕಟ್ಟಿಕೊಂಡಳು. ತಂದೆಯ ರಕ್ತಕ್ಕೆ ವಂಶವೇ ಸೇಡು ಕಾಯುತ್ತಿತ್ತು ಎಂಬ ವಾದಕ್ಕೆ ಈ ಹೆಣ್ಣಿನ ಬದುಕು ಯಾವ ರೀತಿಯಲ್ಲೂ ಒಗ್ಗುವುದಿಲ್ಲ. ಅವಳ ಬಗ್ಗೆ ಸಿನಿಮಾ ಬರದಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಎರಡು ಮನೆತನಗಳು ಎದುರುಬದುರು ನಿಂತಿದ್ದವು ಎಂಬ ಚಿತ್ರವೇ ದಾಖಲೆಗಳ ಎದುರು ನಿಲ್ಲುವುದಿಲ್ಲ. ಆಲ್ಟಿನಾ ವಾಲರ್ ಎಂಬ ಇತಿಹಾಸಕಾರ್ತಿ ಪೈಕ್ ಮತ್ತು ಲೋಗನ್ ಕೌಂಟಿಗಳ ಭೂದಾಖಲೆ, ತೆರಿಗೆ ಪಟ್ಟಿ, ಜನಗಣತಿ, ನ್ಯಾಯಾಲಯದ ಕಡತಗಳನ್ನು ಕೂಡಿಸಿ ನೋಡಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಚಾರದಲ್ಲಿ ಮೈಲಿಗಲ್ಲು. ಡೆವಿಲ್ ಆನ್ಸ್ ನಾಟಾ ವ್ಯಾಪಾರಿ. ಮರ ಕಡಿಸಿ, ದಿಮ್ಮಿಗಳನ್ನು ತೆಪ್ಪ ಕಟ್ಟಿ ಪ್ರವಾಹದ ನೀರಿನಲ್ಲಿ ಕೆಳಗಿನ ಪೇಟೆಗಳಿಗೆ ತೇಲಿಬಿಡಿಸುತ್ತಿದ್ದ. ಅವನ ಪರ ನಿಂತವರಲ್ಲಿ ರಕ್ತಸಂಬಂಧವೇ ಇಲ್ಲದವರು ಅನೇಕರಿದ್ದರು. ಅವರನ್ನು ಅವನಿಗೆ ಕಟ್ಟಿಹಾಕಿದ್ದು ಕೂಲಿ ಮತ್ತು ಜಮೀನು. ಹಂದಿಯ ವ್ಯಾಜ್ಯದಲ್ಲಿ ಅವನ ಕಡೆ ಮತ ಹಾಕಿದ ಸೆಲ್ಕರ್ಕ್ ಮೆಕಾಯ್ ಅವನ ನಾಟಾ ತಂಡದಲ್ಲೇ ದುಡಿಯುತ್ತಿದ್ದವನು. ಇತ್ತ ಹೊಳೆಯ ಇಕ್ಕೆಲದ ಎಷ್ಟೋ ಮೆಕಾಯ್‌ಗಳು, ಎಷ್ಟೋ ಹ್ಯಾಟ್‌ಫೀಲ್ಡರು ಯಾವ ಕಡೆಯೂ ಸೇರದೆ ತಮ್ಮ ಪಾಡಿಗೆ ತಾವಿದ್ದರು. ಅಂಥವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಮರೆಯಾಗಿರುವುದು 1882ರಿಂದ 1887ರವರೆಗಿನ ಐದು ವರ್ಷ. ಮೂವರು ಮಕ್ಕಳನ್ನು ಕಳೆದುಕೊಂಡ ರಾಂಡಾಲ್ಫ್ ಸೇಡಿಗೆ ಹೊರಡಲಿಲ್ಲ. ಪೈಕ್ ಕೌಂಟಿಯ ನ್ಯಾಯಾಲಯ ಆನ್ಸ್ ಮತ್ತು ಅವನ ಸಂಗಡಿಗರ ಮೇಲೆ ಆರೋಪಪಟ್ಟಿ ಹೊರಡಿಸಿತು, ಯಾರನ್ನೂ ಬಂಧಿಸಲಿಲ್ಲ. ನಡುವೆ 1886ರಲ್ಲಿ ಒಬ್ಬ ಮೆಕಾಯ್ ಬೇರೊಂದು ಜಗಳದಿಂದ ಹುಟ್ಟಿದ ಬೆನ್ನಟ್ಟುವಿಕೆಯಲ್ಲಿ ಕೊಲೆಯಾದದ್ದು ಬಿಟ್ಟರೆ ಕಣಿವೆ ಬಹುತೇಕ ಶಾಂತವಾಗಿತ್ತು. ರಕ್ತ ಕುದಿಯುವ ವಂಶಗಳ ಕಥೆಯಲ್ಲಿ ಐದು ವರ್ಷದ ಮೌನಕ್ಕೆ ಜಾಗವಿಲ್ಲ. ಆದ್ದರಿಂದ ಹೇಳುವವರು 1882ರ ಗುಂಡಿನ ಸದ್ದಿನಿಂದ ನೇರವಾಗಿ 1888ರ ಬೆಂಕಿಗೆ ಜಿಗಿಯುತ್ತಾರೆ.

ಆ ಮೌನ ಮುರಿದದ್ದು ಪೆರಿ ಕ್ಲೈನ್ ಎಂಬ ವಕೀಲನಿಂದ. ಗ್ರೇಪ್‌ವೈನ್ ಕ್ರೀಕ್ ದಂಡೆಯಲ್ಲಿ ಅವನ ತಂದೆಗೆ ಸುಮಾರು 5,000 ಎಕರೆ ಜಮೀನಿತ್ತು. 1870ರ ದಶಕದಲ್ಲಿ ಆನ್ಸ್ ಹೂಡಿದ ದಾವೆಯೊಂದರ ಕೊನೆಗೆ ಅದು ಕ್ಲೈನ್‌ನ ಕೈತಪ್ಪಿ ಆನ್ಸ್‌ನ ಪಾಲಾಯಿತು. ಕ್ಲೈನ್ ಹೊಳೆ ದಾಟಿ ಪೈಕ್‌ವಿಲ್‌ಗೆ ಹೋಗಿ ವಕೀಲಿಕೆಯಲ್ಲೂ ರಾಜಕೀಯದಲ್ಲೂ ಬೆಳೆದ. ಅವನ ಅಕ್ಕ ಏಸಾ ಹಾರ್ಮನ್‌ನ ವಿಧವೆ ಎಂಬ ನಂಟೂ ಇತ್ತು. 1887ರಲ್ಲಿ ಸೈಮನ್ ಬಕ್ನರ್ ಕೆಂಟಕಿಯ ಗವರ್ನರ್ ಆದಾಗ ಕ್ಲೈನ್ ಹಳೆಯ ಆರೋಪಪಟ್ಟಿಯನ್ನು ಹೊರತೆಗೆಸಿದ. ಆರೋಪಿಗಳ ತಲೆಗೆ ಬಹುಮಾನ ಘೋಷಣೆಯಾಯಿತು, ಅವರನ್ನು ಒಪ್ಪಿಸಬೇಕೆಂದು ವೆಸ್ಟ್ ವರ್ಜೀನಿಯಾಕ್ಕೆ ಪತ್ರ ಹೋಯಿತು. ಅಲ್ಲಿನ ಗವರ್ನರ್ ವಿಲಿಸ್ ವಿಲ್ಸನ್ ಒಪ್ಪಲಿಲ್ಲ. ಫಿಲಿಪ್ಸ್‌ನ ಪಡೆ ಗಡಿ ದಾಟತೊಡಗಿತು. ಹೊಸವರ್ಷದ ರಾತ್ರಿಯ ದಾಳಿ, ಸಾಕ್ಷಿಗಳನ್ನೇ ಇಲ್ಲವಾಗಿಸುವ ಹ್ಯಾಟ್‌ಫೀಲ್ಡರ ಹತಾಶ ಪ್ರಯತ್ನವಾಗಿ ನಡೆದದ್ದು ಇದಾದ ಮೇಲೆ. ಪಡೆ ಹಿಡಿದೊಯ್ದವರ ಪೈಕಿ ಒಬ್ಬನ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1888ರ ಮೇ ತಿಂಗಳಲ್ಲಿ ಏಳು–ಎರಡರ ಬಹುಮತದಿಂದ ಬಂದ ತೀರ್ಪು, ಆರೋಪಿಯನ್ನು ಅಕ್ರಮವಾಗಿ ಅಪಹರಿಸಿ ತಂದಿದ್ದರೂ ಕೆಂಟಕಿ ಅವನನ್ನು ವಿಚಾರಣೆಗೆ ಒಳಪಡಿಸಬಹುದು ಎಂದಿತು. ಮಹೋನ್ ವರ್ಸಸ್ ಜಸ್ಟಿಸ್ ಎಂಬ ಆ ತೀರ್ಪು ಅಮೆರಿಕದ ಕಾನೂನು ಪಠ್ಯಗಳಲ್ಲಿ ಈಗಲೂ ಇದೆ. ಇಬ್ಬರು ಗವರ್ನರುಗಳು, ಒಬ್ಬ ವಕೀಲ, ಒಂದು ಸರ್ವೋಚ್ಚ ನ್ಯಾಯಾಲಯ: ಹಗೆಯ ರಕ್ತಸಿಕ್ತ ಎರಡನೆಯ ಅರ್ಧವನ್ನು ಮುಂದಕ್ಕೆ ತಳ್ಳಿದವರಲ್ಲಿ ಕೈ ಮೇಲಾದವರು ಬೆಟ್ಟದ ಅನಕ್ಷರಸ್ಥರಲ್ಲ.

ಈ ಹೊತ್ತಿಗೆ ಪತ್ರಿಕೆಗಳು ಬಂದವು. ಕೆಂಟಕಿಯ ಪತ್ರಿಕೆಗಳು ಹ್ಯಾಟ್‌ಫೀಲ್ಡರನ್ನು ರಾಕ್ಷಸರೆಂದೂ, ವೆಸ್ಟ್ ವರ್ಜೀನಿಯಾದವು ಫಿಲಿಪ್ಸ್‌ನ ಪಡೆಯನ್ನು ದರೋಡೆಕೋರರೆಂದೂ ಬರೆದವು. ಮೊದಮೊದಲ ವರದಿಗಾರರು ಪೈಕ್‌ವಿಲ್‌ನಲ್ಲಿ ಕೂತು ಕ್ಲೈನ್‌ನ ಕಡೆಯವರು ಹೇಳಿದ್ದನ್ನು ಬರೆದುಕೊಂಡು ಹೋದರು. ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆ 1888ರ ಶರತ್ಕಾಲದಲ್ಲಿ ಟಿ. ಸಿ. ಕ್ರಾಫರ್ಡ್ ಎಂಬವನನ್ನು ಕಳಿಸಿತು. ಆನ್ಸ್‌ನ ಮನೆಯನ್ನು ಹೊಕ್ಕು ಅವನನ್ನು ಮಾತಾಡಿಸಿ ಬಂದ ಕ್ರಾಫರ್ಡ್ ಮರುವರ್ಷ ಪುಸ್ತಕವನ್ನೇ ಹೊರತಂದ. ಅದರ ಹೆಸರಿನಲ್ಲೇ ವೆಂಡೆಟಾ ಎಂಬ ಕಾರ್ಸಿಕಾ–ಇಟಲಿಗಳ ನಂಟಿರುವ ಪದವಿತ್ತು, ಉಪಶೀರ್ಷಿಕೆಯಲ್ಲಿ ಬರ್ಬರತೆಯ ಕಥೆ ಎಂಬ ಘೋಷಣೆಯಿತ್ತು. ಭೂವ್ಯಾಜ್ಯದ ವಿಚಾರ ಹೇಳಿದರೆ ನ್ಯೂಯಾರ್ಕಿನ ಓದುಗನಿಗೆ ಅದು ತನ್ನೂರಿನ ಕೋರ್ಟಿನ ಸಂಗತಿಯಂತೆ ಕಂಡುಬಿಡುತ್ತಿತ್ತು. ಬರ್ಬರರ ದ್ವೇಷವೆಂದರೆ ದೂರದೇಶದ ಪ್ರವಾಸಕಥನದ ರುಚಿ. ಇಂದು ಎಲ್ಲೆಡೆ ಅಚ್ಚಾಗುವ ಹ್ಯಾಟ್‌ಫೀಲ್ಡ್ ಕುಟುಂಬದ ಫೋಟೋ ಕೂಡ ಇಂಥದ್ದೇ. ಗಂಡಸರು ಮಕ್ಕಳಾದಿಯಾಗಿ ಬಂದೂಕು ಹಿಡಿದು ಕೂತಿರುವ ಆ ಚಿತ್ರ ತೆಗೆದದ್ದು 1897ರಲ್ಲಿ, ಕಾಳಗ ಮುಗಿದು ಒಂಬತ್ತು ವರ್ಷ ಕಳೆದ ಮೇಲೆ, ಕ್ಯಾಮೆರಾಕ್ಕಾಗಿಯೇ ಸಜ್ಜಾಗಿ ಕೂತಾಗ. ತಮ್ಮ ಬಗ್ಗೆ ಹುಟ್ಟಿದ ಕಥೆಗೆ ತಾವೇ ವೇಷ ಹಾಕುವುದನ್ನು ಅಷ್ಟರಲ್ಲಿ ಅವರೂ ಕಲಿತಿದ್ದರು.

ಪತ್ರಿಕೆಯ ಕಥೆಗೆ ಶಾಸ್ತ್ರದ ಮುದ್ರೆ ಒತ್ತಿದವರು ವಿದ್ಯಾವಂತರು. ಕೆಂಟಕಿಯ ಬೆರಿಯಾ ಕಾಲೇಜಿನ ಅಧ್ಯಕ್ಷ ವಿಲಿಯಂ ಗುಡೆಲ್ ಫ್ರಾಸ್ಟ್ 1899ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಬರೆದ ಲೇಖನ ಬೆಟ್ಟದ ಜನರನ್ನು ಇಂದು ಬದುಕಿರುವ ಪೂರ್ವಜರು ಎಂದು ಚಿತ್ರಿಸಿತು. ಫ್ರಾಸ್ಟ್ ಸದುದ್ದೇಶದ ಮನುಷ್ಯ, ಆದರೆ ಉತ್ತರದ ಶ್ರೀಮಂತರಿಂದ ಕಾಲೇಜಿಗೆ ದೇಣಿಗೆ ಎತ್ತಬೇಕಾಗಿತ್ತು. ಹಿಂದುಳಿದವರೆಂದು ತೋರಿಸಿದಷ್ಟೂ ದಾನಿಗಳ ಕೈ ಸಡಿಲವಾಗುತ್ತಿತ್ತು. 1901ರಲ್ಲಿ ಭೂಗೋಳತಜ್ಞೆ ಎಲೆನ್ ಚರ್ಚಿಲ್ ಸೆಂಪಲ್, ಬೆಟ್ಟಗಳು ಹೊರಜಗತ್ತಿನಿಂದ ಬೇರ್ಪಡಿಸಿದ್ದರಿಂದಲೇ ಈ ಜನರಲ್ಲಿ ಹಳೆಯ ಕಾಲದ ಹಗೆ ಉಳಿಯಿತೆಂದು ವಿವರಿಸಿದಳು. ಕಾದಂಬರಿಕಾರ ಜಾನ್ ಫಾಕ್ಸ್ ಜೂನಿಯರ್ ಹಗೆಯ ಬೆಟ್ಟಗಳನ್ನು ಜನಪ್ರಿಯ ಸಾಹಿತ್ಯದ ಸರಕು ಮಾಡಿದ. ಅವನ ಅಣ್ಣತಮ್ಮಂದಿರು ಅದೇ ಬೆಟ್ಟಗಳಲ್ಲಿ ಕಲ್ಲಿದ್ದಲು ಭೂಮಿಯ ವ್ಯವಹಾರದಲ್ಲಿದ್ದರು. ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲು ಕಂಪನಿ 1892ರ ಹೊತ್ತಿಗೆ ಟಗ್ ಕಣಿವೆಯೊಳಗೆ ಹಳಿ ಹಾಕಿ ಮುಗಿಸಿತು. ಡೆವಿಲ್ ಆನ್ಸ್ ತನ್ನ ಗ್ರೇಪ್‌ವೈನ್ ಜಮೀನನ್ನು 1888ರಲ್ಲೇ ಹೊರಗಿನ ಬಂಡವಾಳದ ದಲ್ಲಾಳಿಗೆ ಮಾರಿ ಒಳನಾಡಿಗೆ ಸರಿದಿದ್ದ. ಅಲ್ಲಿನವರು ತಮ್ಮ ನೆಲವನ್ನು ತಾವು ಆಳಿಕೊಳ್ಳಲಾರದವರು ಎಂಬ ಮಾತು ಆ ನೆಲವನ್ನು ಕೊಳ್ಳಲು ಬಂದವರಿಗೆ ಅನುಕೂಲವಾಗಿತ್ತು. ಯಾರೋ ಕೂತು ಸಂಚು ಹೂಡಿ ಈ ಕಥೆ ಕಟ್ಟಿದರೆಂದಲ್ಲ. ಹೇಳುವವನಿಗೂ ಕೇಳುವವನಿಗೂ ಲಾಭವಿದ್ದ ಕಥೆಗೆ ಸಂಚು ಬೇಕಾಗುವುದಿಲ್ಲ.

ಹಗೆ ಸ್ಕಾಟ್ಲೆಂಡಿನ ಕುಲಗಳಿಂದ ಬಳುವಳಿಯಾಗಿ ಬಂದದ್ದು ಎಂಬ ವಾದ ಇಂದಿಗೂ ಜನಪ್ರಿಯ. ಲೇಖಕ ಮಾಲ್ಕಮ್ ಗ್ಲ್ಯಾಡ್‌ವೆಲ್ 2008ರ ‘ಔಟ್‌ಲಯರ್ಸ್’ ಪುಸ್ತಕದಲ್ಲಿ ಕೆಂಟಕಿಯ ಹಾರ್ಲನ್ ಕೌಂಟಿಯ ಹಗೆಯನ್ನು ಕುರಿಗಾಹಿ ಪೂರ್ವಜರ ಮಾನಮರ್ಯಾದೆಯ ಸಂಸ್ಕೃತಿಗೆ ಜೋಡಿಸಿದ. ಕಾಲಾನುಕ್ರಮ ಇದಕ್ಕೆ ಅಡ್ಡ ನಿಲ್ಲುತ್ತದೆ. ಈ ಬೆಟ್ಟಗಳಿಗೆ ಜನ ಬಂದು ನೆಲೆಸಿದ್ದು 18ನೇ ಶತಮಾನದ ಕೊನೆ, 19ನೇ ಶತಮಾನದ ಆರಂಭದಲ್ಲಿ. ಪ್ರಸಿದ್ಧವಾದ ಹಗೆಗಳೆಲ್ಲ ಬಹುಪಾಲು ಅಂತರ್ಯುದ್ಧದ ನಂತರದವು. ರಕ್ತದಲ್ಲೇ ಇದ್ದದ್ದು ಎರಡು ಮೂರು ತಲೆಮಾರು ಸುಮ್ಮನಿದ್ದು, ಚುನಾವಣೆಯ ಪೈಪೋಟಿ, ನಾಟಾ ವ್ಯಾಪಾರ, ರೈಲು ಬಂದಾಗಲೇ ಏಕೆ ಕೆರಳಿತು? 2007ರಲ್ಲಿ ಇದೇ ವಾದ ಬಿಳಿ ಕೋಟು ತೊಟ್ಟು ಬಂತು. ಮೆಕಾಯ್ ವಂಶದ ಕೆಲವರಲ್ಲಿ ವಾನ್ ಹಿಪ್ಪೆಲ್–ಲಿಂಡೌ ಎಂಬ ಆನುವಂಶಿಕ ಕಾಯಿಲೆಯಿದೆ, ಅದರ ಗೆಡ್ಡೆಗಳು ಅಡ್ರಿನಾಲಿನ್ ಸುರಿಸುವುದರಿಂದ ಆ ಮನೆತನಕ್ಕೆ ಮುಂಗೋಪ ಎಂಬ ಸುದ್ದಿ ದೇಶವಿಡೀ ಹರಡಿತು. ಕಾಯಿಲೆ ನಿಜವಾದದ್ದೇ. ಆದರೆ ಮೆಕಾಯ್‌ಗಳಿಗಿಂತ ಹೆಚ್ಚು ಜನರನ್ನು ಕೊಂದ ಹ್ಯಾಟ್‌ಫೀಲ್ಡರಿಗೆ ಅದು ಅಂಟಿರಲಿಲ್ಲ, ಪೆರಿ ಕ್ಲೈನ್‌ನ ಜಮೀನಿಗೂ ಅಂಟಿರಲಿಲ್ಲ.

ಅದೇ ಕೆಂಟಕಿಯ ಬಯಲು ಸೀಮೆಯ ಹಿಂಸೆಗೆ ಬೇರೆ ಹೆಸರುಗಳಿದ್ದವು. ತೋಟದ ಒಡೆಯರು ಗುಂಡು ಹಾರಿಸಿಕೊಂಡರೆ ಅದು ಮಾನದ ಪ್ರಶ್ನೆ. ಬಿಳಿಯರ ಗುಂಪು ಕಪ್ಪು ಮನುಷ್ಯನನ್ನು ಮರಕ್ಕೆ ನೇತುಹಾಕಿದರೆ ಅದು ಜನರೇ ನೀಡಿದ ನ್ಯಾಯ. ಜಾರ್ಜ್ ರೈಟ್ ಎಂಬ ಇತಿಹಾಸಕಾರ 1990ರಲ್ಲಿ ಆ ರಾಜ್ಯದ ಜನಾಂಗೀಯ ಕೊಲೆಗಳನ್ನು ಊರೂರಿನಂತೆ ದಾಖಲಿಸುವವರೆಗೆ ಅವುಗಳ ಪೂರ್ಣ ಪಟ್ಟಿಯೂ ಇರಲಿಲ್ಲ. ಬೆಟ್ಟದ ಬಿಳಿಯರ ಹೆಣಗಳನ್ನು ಒಂದೊಂದಾಗಿ ಎಣಿಸಿ ಹೆಸರಿಟ್ಟ ಪತ್ರಿಕೆಗಳೇ ಬಯಲಿನ ಕಪ್ಪು ಜನರ ಹೆಣಗಳನ್ನು ಎರಡು ಸಾಲಿನಲ್ಲಿ ಮುಗಿಸಿದ್ದವು.

ಹಗೆ ಎಂಬ ಹೆಸರು ರಾಜಕೀಯವನ್ನು ಹೇಗೆ ನುಂಗುತ್ತದೆ ಎಂಬುದಕ್ಕೆ ಹ್ಯಾಟ್‌ಫೀಲ್ಡ್–ಮೆಕಾಯ್‌ಗಿಂತ ಸ್ಪಷ್ಟವಾದ ಉದಾಹರಣೆ ಕೆಂಟಕಿಯ ಬೆಟ್ಟ ಸೀಮೆಯ ಬ್ರೆತಿಟ್ ಕೌಂಟಿ. ‘ರಕ್ತಸಿಕ್ತ ಬ್ರೆತಿಟ್’ ಎಂದೇ ಅದರ ಖ್ಯಾತಿ. ಅಂತರ್ಯುದ್ಧದಲ್ಲಿ ಉತ್ತರದ ಪರ ಹೋರಾಡಿದ್ದ ವಿಲಿಯಂ ಸ್ಟ್ರಾಂಗ್ ಎಂಬವನು ಯುದ್ಧದ ನಂತರವೂ ಬಿಳಿಯರೂ ಕಪ್ಪು ಜನರೂ ಸೇರಿದ್ದ ತನ್ನ ಹಿಂಬಾಲಕರೊಂದಿಗೆ ಅಲ್ಲಿ ದಕ್ಷಿಣದ ಪರವಾಗಿದ್ದ ಡೆಮಾಕ್ರಟರನ್ನು ಎದುರಿಸುತ್ತಿದ್ದ. ಇದಕ್ಕೂ ಹಗೆ ಎಂದೇ ಹೆಸರಾಯಿತು. 1903ರ ಮೇ 4ರಂದು ರಿಪಬ್ಲಿಕನ್ ವಕೀಲ ಜೇಮ್ಸ್ ಮಾರ್ಕಮ್ ಕೌಂಟಿ ಕೇಂದ್ರವಾದ ಜಾಕ್ಸನ್‌ನ ನ್ಯಾಯಾಲಯದ ಬಾಗಿಲಲ್ಲೇ ಗುಂಡಿಗೆ ಬಲಿಯಾದ. ಚುನಾವಣಾ ಫಲಿತಾಂಶವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಅವನು ಡೆಮಾಕ್ರಟ್ ಪಕ್ಷದ ಕೌಂಟಿ ನ್ಯಾಯಾಧೀಶ ಜೇಮ್ಸ್ ಹಾರ್ಗಿಸ್‌ನ ಎದುರಾಳಿಯಾಗಿದ್ದ. ಕೊಲೆಗಾರ ಸಿಕ್ಕಿ ಶಿಕ್ಷೆಯಾಯಿತು, ಹಿಂದಿದ್ದವರೆಂದು ಎಲ್ಲರೂ ಬೆರಳು ತೋರಿದ ಹಾರ್ಗಿಸ್ ಮತ್ತು ಶೆರಿಫ್ ಎಡ್ ಕ್ಯಾಲಹನ್ ಕ್ರಿಮಿನಲ್ ವಿಚಾರಣೆಗಳಲ್ಲಿ ಪಾರಾದರು. ಪತ್ರಿಕೆಗಳಿಗೆ ಇದು ಹಾರ್ಗಿಸ್–ಮಾರ್ಕಮ್ ಮನೆತನದ ವೈರ. ಟಿ. ಆರ್. ಸಿ. ಹಟ್ಟನ್ ಎಂಬ ಇತಿಹಾಸಕಾರ 2013ರಲ್ಲಿ ತೋರಿಸಿಕೊಟ್ಟಂತೆ, ಕೊಲೆಯನ್ನು ಹಗೆ ಎಂದು ಕರೆದ ಕೂಡಲೆ ಎರಡೂ ಕಡೆ ಸಮಾನ ತಪ್ಪಿತಸ್ಥರಾಗುತ್ತಾರೆ, ಅಧಿಕಾರ ಹಿಡಿದಿದ್ದವನು ಹಿಡಿದೇ ಉಳಿಯುತ್ತಾನೆ. ಜಾಕ್ಸನ್‌ಗೆ 1890ರ ದಶಕದಿಂದಲೇ ರೈಲಿತ್ತು ಎಂಬುದನ್ನೂ ಸೇರಿಸಬೇಕು. ಸೆಂಪಲ್ ಹೇಳಿದ ಏಕಾಂತದ ಕಾರಣ ಅಲ್ಲಿಗೆ ಹೊಂದುವುದೇ ಇಲ್ಲ.

ರೋವನ್ ಕೌಂಟಿಯಲ್ಲೂ ಇದೇ ಮಾದರಿ. 1884ರ ಆಗಸ್ಟ್ ಚುನಾವಣೆಯ ದಿನದ ಗುಂಡಿನಿಂದ ಶುರುವಾದದ್ದು 1887ರ ಜೂನ್ 22ರಂದು ಮೋರ್‌ಹೆಡ್ ಪಟ್ಟಣದ ಬೀದಿಕಾಳಗದಲ್ಲಿ ಮುಗಿಯಿತು. ಶೆರಿಫ್ ಹುದ್ದೆ ಯಾವ ಪಕ್ಷಕ್ಕೆ ಎಂಬುದು ಮೂಲ ಜಗಳ. ಉಳಿದ ಹೆಸರು ಮಾರ್ಟಿನ್–ಟಾಲಿವರ್ ಹಗೆ. ಕ್ಲೇ ಕೌಂಟಿಯನ್ನು ಅಧ್ಯಯನ ಮಾಡಿದ ಡ್ವೈಟ್ ಬಿಲ್ಲಿಂಗ್ಸ್ ಮತ್ತು ಕ್ಯಾಥ್ಲೀನ್ ಬ್ಲೀ, ಅಲ್ಲಿನ ಹಗೆಯ ಹಿಂದೆ ಗುಲಾಮರ ದುಡಿಮೆಯಿಂದ ಉಪ್ಪು ತಯಾರಿಸಿ ಬೆಳೆದ ಎರಡು ಶ್ರೀಮಂತ ಮನೆಗಳ ಮೇಲಾಟವನ್ನು ಗುರುತಿಸಿದರು. ಬಂದೂಕು ಹಿಡಿದ ಬಡವರ ಹೆಸರು ಜನಪದದಲ್ಲಿ ಉಳಿಯಿತು.

ಈ ಕಥನದ ಬೆಲೆಯನ್ನು ತೆತ್ತವರಲ್ಲಿ ಗಣಿ ಕಾರ್ಮಿಕರೂ ಇದ್ದಾರೆ. 1920ರ ಮೇ 19ರಂದು ಟಗ್ ದಂಡೆಯ ಮೇಟ್‌ವಾನ್‌ನಲ್ಲಿ, ಮುಷ್ಕರ ಹೂಡಿದ ಕಾರ್ಮಿಕರನ್ನು ಮನೆಗಳಿಂದ ಹೊರಹಾಕಲು ಬಂದಿದ್ದ ಕಂಪನಿಗಳ ಖಾಸಗಿ ಪತ್ತೇದಾರರಿಗೂ ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್‌ಗೂ ಗುಂಡಿನ ಚಕಮಕಿಯಾಗಿ ಹತ್ತು ಮಂದಿ ಸತ್ತರು, ಅವರಲ್ಲಿ ಏಳು ಮಂದಿ ಪತ್ತೇದಾರರು. ಸಿಡ್‌ನ ಮನೆತನದ ಹೆಸರೊಂದೇ ಪತ್ರಿಕೆಗಳಿಗೆ ಸಾಕಾಯಿತು. ಹಳೆಯ ಹಗೆಯ ರಕ್ತ ಮತ್ತೆ ಕುದಿಯಿತು ಎಂದು ಬರೆಯುವುದು ಕೂಲಿಯ ದರ, ಸಂಘ ಕಟ್ಟುವ ಹಕ್ಕು, ಕಂಪನಿ ಮನೆಗಳ ಬಗ್ಗೆ ಬರೆಯುವುದಕ್ಕಿಂತ ಸುಲಭ. 1921ರ ಆಗಸ್ಟ್ 1ರಂದು ವೆಲ್ಚ್ ನ್ಯಾಯಾಲಯದ ಮೆಟ್ಟಿಲುಗಳ ಮೇಲೆ ಅವನನ್ನು ಪತ್ತೇದಾರ ಸಂಸ್ಥೆಯವರು ಹೊಡೆದುರುಳಿಸಿದರು. ಡೆವಿಲ್ ಆನ್ಸ್‌ನ ಸಂಬಂಧಿ ಹೆನ್ರಿ ಹ್ಯಾಟ್‌ಫೀಲ್ಡ್ ವೈದ್ಯನಾಗಿ, 1913ರಿಂದ 1917ರವರೆಗೆ ವೆಸ್ಟ್ ವರ್ಜೀನಿಯಾದ ಗವರ್ನರ್ ಆಗಿ, ಮುಂದೆ ಸೆನೆಟರ್ ಆದ. ಅವನ ವಿಷಯದಲ್ಲಿ ಮಾತ್ರ ರಕ್ತದ ಮಾತನ್ನು ಯಾರೂ ಹೆಚ್ಚು ಎತ್ತಿದಂತಿಲ್ಲ.

ವಂಶಸ್ಥರೂ ತಮ್ಮ ಪಾಲಿನ ಕಥೆ ಹೇಳಿದರು. ಟ್ರೂಡಾ ವಿಲಿಯಮ್ಸ್ ಮೆಕಾಯ್ ಮುದುಕರ ಬಾಯಿಂದ ಕೇಳಿ ಬರೆದ ಪುಸ್ತಕ 1976ರಲ್ಲಿ ಪೈಕ್‌ವಿಲ್‌ನಲ್ಲಿ ಅಚ್ಚಾಯಿತು. ಹ್ಯಾಟ್‌ಫೀಲ್ಡರ ಕಡೆಯಿಂದ ಬಂದ ಪುಸ್ತಕಗಳಲ್ಲಿ ಡೆವಿಲ್ ಆನ್ಸ್ ಮಾತಿಗೆ ತಪ್ಪದ ಯಜಮಾನ. ಒಂದು ಕಡೆಯ ಪುಸ್ತಕದಲ್ಲಿ ಕೊಲೆಯಾದದ್ದು ಇನ್ನೊಂದು ಕಡೆಯದರಲ್ಲಿ ಶಿಕ್ಷೆಯಾಗುತ್ತದೆ. ಆದರೂ ರೋಸಾನ ಏನು ಉಟ್ಟಿದ್ದಳು, ಯಾರು ಯಾರಿಗೆ ಭಾವನಾಗಬೇಕು ಎಂಬಂಥ, ಪತ್ರಿಕೆಗೆ ಬೇಡವಾದ ವಿವರಗಳು ಉಳಿದದ್ದು ಈ ಮನೆಮಾತಿನ ಪುಸ್ತಕಗಳಲ್ಲೇ. 2003ರ ಜೂನ್ 14ರಂದು ಎರಡೂ ವಂಶದವರು ಟಿವಿ ಕ್ಯಾಮೆರಾ ಮುಂದೆ ಸಂಧಿಪತ್ರಕ್ಕೆ ಸಹಿ ಹಾಕಿದರು. 2012ರ ಕಿರುಧಾರಾವಾಹಿಯ ನಂತರ ಕಣಿವೆಗೆ ಪ್ರವಾಸಿಗರು ಹೆಚ್ಚಿದರು, ಕಲ್ಲಿದ್ದಲು ಸೊರಗಿದ ಊರುಗಳಿಗೆ ಅದೂ ಒಂದು ಆದಾಯ.

ವಾಲರ್ ಮಾದರಿಯ ಮರುಓದಿಗೂ ತನ್ನದೇ ಒಲವಿದೆ. ಹಂದಿಯ ಕಥೆಯನ್ನು ಕೆಳಗಿಳಿಸಿ ಬಂಡವಾಳದ ಕಥೆಯನ್ನು ಏರಿಸಿದಾಗ ಡೆವಿಲ್ ಆನ್ಸ್ ಒಮ್ಮೊಮ್ಮೆ ಹೊರಗಿನ ಶಕ್ತಿಗಳಿಗೆ ಸಿಕ್ಕಿಬಿದ್ದ ಸ್ಥಳೀಯ ಉದ್ಯಮಿಯಂತೆ ಕಾಣತೊಡಗುತ್ತಾನೆ. ಕೈಕಟ್ಟಿದ ಮೂವರು ಹುಡುಗರನ್ನು ಕೊಲ್ಲಿಸಿದ್ದು ರೈಲು ಕಂಪನಿಯಲ್ಲ, ಹೊಳೆಯ ದಡದಲ್ಲಿ ನಿಂತ ಅವನೇ. ಮಕ್ಕಳನ್ನು ಬಿಡಿರೆಂದು ಬೇಡಿಕೊಂಡ ತಾಯಿ ಸಾರಾ ಮೆಕಾಯ್, ಆರು ವರ್ಷದ ಬಳಿಕ ಉರಿಯುವ ಮನೆಯ ಅಂಗಳದಲ್ಲಿ ಏಟು ತಿಂದವಳೂ ಅವಳೇ, ಹಳೆಯ ಪತ್ರಿಕೆಗಳಲ್ಲೂ ಹೊಸ ಅಧ್ಯಯನಗಳಲ್ಲೂ ಎರಡು ಪುಟ ಮೀರಿ ಬರುವುದಿಲ್ಲ.

ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯವೂ ವಾಲಿಯೇ ಇದೆ. 1882ರ ಮತ್ತು 1888ರ ಕೊಲೆಗಳ ವಿಚಾರಣೆ ನಡೆದದ್ದು ಪೈಕ್ ಕೌಂಟಿಯಲ್ಲಿ ಮಾತ್ರ. ಹೊಳೆಯಾಚೆಯ ಮುಖ್ಯ ಆರೋಪಿ ಆ ಕಟಕಟೆ ಹತ್ತಲಿಲ್ಲ. ಅವನ ಮಾತು ಸಿಗುವುದು ಪತ್ರಿಕಾ ಸಂದರ್ಶನಗಳಲ್ಲಿ, ಮೊಮ್ಮಕ್ಕಳ ನೆನಪಿನಲ್ಲಿ. 1921ರ ಜನವರಿಯಲ್ಲಿ ಅವನು ಹಾಸಿಗೆಯ ಮೇಲೆ ಸತ್ತ, ಗೋರಿಯ ಮೇಲೆ ಇಟಲಿಯ ಅಮೃತಶಿಲೆಯಲ್ಲಿ ಆಳೆತ್ತರದ ಮೂರ್ತಿ ನಿಂತಿತು. ಗಲ್ಲಿಗೇರಿದವನು ಎಲಿಸನ್ ಮೌಂಟ್ಸ್, 1882ರಲ್ಲಿ ಸತ್ತ ಎಲಿಸನ್‌ನ ಮದುವೆಯಾಚೆಯ ಮಗ. ಬುದ್ಧಿ ಮಂದವೆಂದು ಎಲ್ಲ ಮೂಲಗಳೂ ಹೇಳುವ ಅವನು ಅಲಿಫೇರ್‌ಳನ್ನು ತಾನೇ ಕೊಂದೆನೆಂದು ಒಪ್ಪಿಕೊಂಡು, ಆಮೇಲೆ ಹೇಳಿಕೆ ಬದಲಿಸಿದ. ಅವನ ತಪ್ಪೊಪ್ಪಿಗೆ 1890ರಿಂದ ಇಂದಿನವರೆಗೆ ಬಂದ ಬಹುತೇಕ ಪುಸ್ತಕಗಳಲ್ಲಿ ಆ ರಾತ್ರಿಯ ಘಟನೆಗೆ ಮುಖ್ಯ ಆಧಾರಗಳಲ್ಲೊಂದಾಗಿ ಬಳಕೆಯಾಗುತ್ತ ಬಂದಿದೆ.